ಕೆಳಗದ್ದೆ ಡೈರಿಯ ಸೈರನ್

ನಮ್ಮ ಯಸಳೂರು ಕಡೆ ಗುಡುಗಿನ ಮೊದಲ ಸದ್ದು ಕೇಳಿಸಿತೆಂದರೆ ಮನೆಮನೆಯಲ್ಲೂ ಒಂದೇ ಕೆಲಸ. ಅಂಗಳದ ಬಟ್ಟೆಯನ್ನು ಆಮೇಲೆ ಎತ್ತುತ್ತಾರೆ, ಕಣದಲ್ಲಿ ಒಣಗುವ ಮೆಣಸಿಗೆ ಆಮೇಲೆ ಟಾರ್ಪಾಲು ಮುಚ್ಚುತ್ತಾರೆ. ಮೊದಲು ಪ್ಲಗ್ ಕೀಳುತ್ತಾರೆ. ಟಿವಿ, ಫ್ರಿಜ್ಜು, ಇಂಟರ್ನೆಟ್ಟಿನ ಡಬ್ಬಿ, ಮೋಟಾರಿನ ಸ್ಟಾರ್ಟರ್, ಒಂದನ್ನೂ ಬಿಡುವುದಿಲ್ಲ. ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ಗನ್ನೇ ಕಿತ್ತು ಕೆಳಗೆ ಬಿಡಬೇಕು. ಎಂಬತ್ತರ ಮುದುಕಿಯರಿಗೂ ಇದು ಗೊತ್ತು. ಇದನ್ನು ಈ ಹೋಬಳಿಗೆಲ್ಲ ಬೈದು ಬೈದು ಕಲಿಸಿದವನು ದಯಾನಂದ.

ಬಸ್‌ಸ್ಟ್ಯಾಂಡಿನ ಎದುರು ನನ್ನದು ಗೊಬ್ಬರದ ಅಂಗಡಿ, ಅದರ ಮಗ್ಗುಲಿಗೆ ಒಬ್ಬ ಮನುಷ್ಯ ಕೈಚಾಚಿದರೆ ಎರಡು ಗೋಡೆಯೂ ಸಿಗುವಷ್ಟು ಅಗಲದ ಅವನ ರಿಪೇರಿ ಅಂಗಡಿ. ಟಿವಿ, ಯುಪಿಎಸ್, ಫೋನಿನಿಂದ ಮೋಟಾರ್ ಚಾಲು ಮಾಡುವ ಡಬ್ಬಿಗಳು, ಎಲ್ಲವೂ ಅವನ ಬಳಿಗೇ ಬರಬೇಕು. ಸಿಡಿಲಿಗೆ ಸುಟ್ಟ ಟಿವಿಯನ್ನು ಯಾರಾದರೂ ಗೋಣಿಯಲ್ಲಿ ಸುತ್ತಿಕೊಂಡು ತಂದರೆ ಮುಗಿಯಿತು, ರಸ್ತೆಯ ಆಚೆಗೂ ಕೇಳಿಸುವಂತೆ ಶುರು ಮಾಡುತ್ತಿದ್ದ. "ಸ್ವಿಚ್ ಆಫ್ ಮಾಡಿದ್ದೆ ಅನ್ಬೇಡ್ರಿ. ಸಿಡ್ಲಿಗೆ ನಿಮ್ ಸ್ವಿಚ್ಚು ಯಾವ್ ಲೆಕ್ಕ? ಗುಡುಗು ಅಂದ್ರೆ ಪ್ಲಗ್ ಕೀಳ್ಬೇಕು, ಅಷ್ಟೇಯ."

"ಎಲ್ರೂ ಪ್ಲಗ್ ಕಿತ್ರೆ ನಿನ್ನ ಅಂಗಡಿ ಬಾಗ್ಲು ಹಾಕ್ಬೇಕಾಗ್ತದಲ್ಲ ಮಾರಾಯ" ಎಂದು ನಾನು ಕೆಣಕಿದರೆ, "ಸತ್ತೋದ್ ಟಿವಿ ಕಂಡ್ರೆ ಹೊಟ್ಟೆ ಉರೀತದೆ ಚಂದ್ರಣ್ಣ" ಎನ್ನುತ್ತಿದ್ದ. ಸುಳ್ಳಲ್ಲ. ವಸ್ತು ಕೆಟ್ಟರೆ ಅವನಿಗೆ ನಿಜವಾಗಿ ಸಂಕಟವಾಗುತ್ತಿತ್ತು. ಮನುಷ್ಯರ ಹತ್ತಿರ ಅಷ್ಟು ಹೊಂದಿಕೆ ಇರಲಿಲ್ಲ.

ಒಬ್ಬಳ ಹತ್ತಿರ ಮಾತ್ರ ಇತ್ತು. ಅವಳು ಅವನ ಅಕ್ಕ ಗಂಗಾಮಣಿ. ಇವರ ಮೂಲ ಆಲೂರು ತಾಲ್ಲೂಕಿನ ಮಗ್ಗೆ. ಅವ್ವ ಬೇಗ ತೀರಿಕೊಂಡಳು, ಅಪ್ಪ ಇದ್ದೂ ಇಲ್ಲದಂಥವನು. ಅಕ್ಕನೇ ಒಲೆ ಹಚ್ಚಿ, ತಮ್ಮನ ಹಣೆಗೆ ವಿಭೂತಿ ಇಟ್ಟು, ಶಾಲೆಗೆ ಕಳಿಸಿ, ಹಾಸನದ ಐಟಿಐ ಮುಗಿಸುವ ತನಕ ಬೆನ್ನಿಗೆ ನಿಂತಳು. ಅವಳಿಗೆ ಯಸಳೂರು ಪಕ್ಕದ ಕೆಳಗದ್ದೆಯ ಸಿದ್ದಬಸಪ್ಪನ ಜೊತೆ ಮದುವೆಯಾದಾಗ ತಮ್ಮನೂ ಹಿಂದೆಯೇ ಬಂದು ಇಲ್ಲಿ ಅಂಗಡಿ ಇಟ್ಟ. ಸಂತೆಯ ದಿನ ಅವಳು ಬಸ್ಸಿಳಿದು ನೇರ ಅವನ ಅಂಗಡಿಗೆ ಬಂದು, ಬಟ್ಟೆಯಲ್ಲಿ ಸುತ್ತಿದ ಅಕ್ಕಿರೊಟ್ಟಿಯನ್ನು ತಂತಿಗಳ ರಾಶಿಯ ಮೇಲೇ ಇಟ್ಟು, ಮದುವೆಯ ಮಾತು ತೆಗೆಯುತ್ತಿದ್ದಳು. ಇವನು ಸ್ಟಾರ್ಟರ್ ಡಬ್ಬಿಯೊಳಗೆ ತಲೆ ತೂರಿಸುತ್ತಿದ್ದ. "ಅದ್ರೊಳ್ಗೆ ಹೆಣ್ಣು ಐತೇನ್ಲಾ?" ಎಂದು ಅವಳು ಕೇಳಿದರೆ ನಾನು ಈ ಕಡೆಯಿಂದ ನಗುತ್ತಿದ್ದೆ. ರೊಟ್ಟಿಯಲ್ಲಿ ನನಗೂ ಒಂದು ಪಾಲಿರುತ್ತಿತ್ತು.

ಇನ್ನು ಕೆಳಗದ್ದೆಯ ಹೊಳೆಯ ವಿಷಯ. ಊರು ಈ ದಡ, ದನ ಮೇಯಿಸುವ ಬೇಣ ಆ ದಡ. ಮೊದಲೆಲ್ಲ ಹೊಳೆ ಹೊಳೆಯ ಹಾಗಿತ್ತು, ಮಳೆಗಾಲದಲ್ಲಿ ತುಂಬುತ್ತಿತ್ತು, ಬೇಸಿಗೆಯಲ್ಲಿ ಇಳಿಯುತ್ತಿತ್ತು. ಅದರ ನಡೆ ಎಲ್ಲರಿಗೂ ಗೊತ್ತಿತ್ತು. ಆಮೇಲೆ ಒಂದು ಕರೆಂಟು ತಯಾರಿಸುವ ಕಂಪನಿ ಬಂತು. ಮೇಲುಗಡೆ ಒಂದು ಕಟ್ಟೆ ಕಟ್ಟಿ, ನೀರನ್ನು ದೊಡ್ಡ ಪೈಪಿನೊಳಗೆ ತುಂಬಿ, ಗುಡ್ಡದ ಬುಡದಲ್ಲಿ ಟರ್ಬೈನಿಗೆ ಬಿಟ್ಟಿತು. ನಡುವಿನ ಕೆಳಗದ್ದೆಗೆ ಉಳಿದದ್ದು ಕಲ್ಲು ಮತ್ತು ಪಾದ ಮುಳುಗುವಷ್ಟು ನೀರು. ಹೊಳೆಯನ್ನು ಕದ್ದರೂ ಕದ್ದರು ಎನ್ನಿಸದ ಹಾಗೆ ಕದಿಯುವ ವಿದ್ಯೆ ಅದು. ಊರಿನ ಹೆಂಗಸರು ಕಲ್ಲಿನ ಮೇಲೆ ಹೆಜ್ಜೆಯಿಟ್ಟು ದನ ಹೊಡೆದುಕೊಂಡು ಓಡಾಡುವುದು ರೂಢಿಯಾಯಿತು.

ಆದರೆ ಏನಾದರೂ ಕಾರಣಕ್ಕೆ ಟರ್ಬೈನ್ ನಿಂತರೆ ಪೈಪಿಗೆ ಹೋಗಬೇಕಾದ ನೀರು ಎಲ್ಲಿಗೆ ಹೋಗಬೇಕು? ತನ್ನ ಹಳೆಯ ದಾರಿಗೇ ಬರುತ್ತದೆ. ನಿಧಾನಕ್ಕಲ್ಲ, ಗೇಟು ತೆಗೆದುಕೊಂಡ ಕೂಡಲೇ ಒಟ್ಟಿಗೇ ಬರುತ್ತದೆ. ಅದಕ್ಕಾಗಿ ಕಂಪನಿಯವರು ಕುಳ್ಳಯ್ಯ ಎಂಬ ಊರಿನವನನ್ನೇ ಸಂಬಳಕ್ಕೆ ಇಟ್ಟುಕೊಂಡಿದ್ದರು. ಗೇಟಿನ ಕಾವಲುಗಾರ ಫೋನ್ ಮಾಡಿದರೆ ಕುಳ್ಳಯ್ಯ ಹಳೆಯ ಎಣ್ಣೆ ಡಬ್ಬ ಬಡಿಯುತ್ತಾ ದಡದುದ್ದಕ್ಕೂ ಓಡಬೇಕು. ಓಡುತ್ತಿದ್ದ. ಬಾಯಿ ಸ್ವಲ್ಪ ಜೋರು, ಸಂಜೆಯ ಹೊತ್ತು ಕುಡಿತವೂ ಇತ್ತು. ಆದರೆ ಅವನ ಡಬ್ಬದ ಸದ್ದಿಗೆ ಹೊಳೆಯಲ್ಲಿ ಒಂದು ನರಪಿಳ್ಳೆಯೂ ನಿಲ್ಲುತ್ತಿರಲಿಲ್ಲ.

ಒಂದು ಸಲ ಫೋನ್ ಸಿಗಲಿಲ್ಲ. ನಮ್ಮ ಕಡೆ ಟವರಿನ ಪಾಡು ಯಾರಿಗೆ ಗೊತ್ತಿಲ್ಲ? ಗಂಗಾಮಣಿ ಹಸು ಕರು ಹೊಡೆದುಕೊಂಡು ನಡುಹೊಳೆಯಲ್ಲಿದ್ದಾಗ ನೀರು ಬಂತು. ಅವಳು ದಡದ ಹೊಳೆಮತ್ತಿ ಮರದ ಬೇರು ಹಿಡಿದು ಬದುಕಿದಳು, ಹಸು ಈಜಿತು, ಕರು ಹೋಯಿತು. ಮರುದಿನ ಅಂಗಡಿಗೆ ಬಂದವಳ ಅಂಗೈಯ ಸಿಪ್ಪೆ ಸುಲಿದಿತ್ತು. ಅವಳು ಕರುವಿಗಾಗಿ ಅಳುತ್ತಿದ್ದಳು. ದಯಾನಂದ ಅವಳ ಕೈಯನ್ನೇ ನೋಡುತ್ತಾ ಕೂತಿದ್ದ. ಅವತ್ತೇ ಬಾಗಿಲು ಹಾಕಿ ಕಂಪನಿಯ ಆಫೀಸಿಗೆ ಹೋದ.

ಅಲ್ಲಿ ಪ್ರದೀಪ್ ಎಂಬ ಇಂಜಿನಿಯರ್ ಇದ್ದ, ಚಿಕ್ಕ ವಯಸ್ಸು, ನಯವಾದ ಮಾತು. ಟರ್ಬೈನ್ ನಿಂತ ಕ್ಷಣಕ್ಕೇ ತಮ್ಮ ಕಂಪ್ಯೂಟರಿಗೆ ಗೊತ್ತಾಗುತ್ತದೆ, ಹೇಳಿದ ವಿಳಾಸಕ್ಕೆ ಅದು ತಾನೇ ಸುದ್ದಿ ಕಳಿಸುತ್ತದೆ, ಆ ಸುದ್ದಿ ತೆಗೆದುಕೊಳ್ಳಲು ನಿಮ್ಮ ಕಡೆ ಒಂದು ಸರ್ವರ್ ಇದ್ದರೆ ಆಯಿತು ಎಂದನಂತೆ. ಅದಕ್ಕೆ ವೆಬ್‌ಹುಕ್ ಎಂದು ಹೆಸರು. ನನಗೆ ಇದು ತಲೆಗೆ ಹೋಗಲಿಲ್ಲ. ದಯಾನಂದ ಬಿಡಿಸಿ ಹೇಳಿದ: "ನೀರು ಬಿಟ್ರಾ, ನೀರು ಬಿಟ್ರಾ ಅಂತ ನಾವು ಗಳಿಗ್ಗೊಂದ್ ಸಲ ಹೋಗಿ ಕೇಳೋದಲ್ಲ ಅಣ್ಣ. ಬಿಟ್ಟಾಗ ಅವ್ರೇ ಬಂದು ನಮ್ ಬಾಗ್ಲು ಬಡೀತಾರೆ. ಬಾಗ್ಲು ತೆಗ್ದು 'ಆಯ್ತು, ಸಿಕ್ತು' ಅನ್ನಕೆ ಒಬ್ಬ ಮನೇಲಿರ್ಬೇಕು. ಆ ಒಬ್ನೇ ಸರ್ವರ್ರು."

ಆಮೇಲೆ ಕೆಲವು ವಾರ ಅವನು ಬೇರೆ ಯಾವ ರಿಪೇರಿಯನ್ನೂ ಸರಿಯಾಗಿ ಮಾಡಲಿಲ್ಲ. ಗಿರಾಕಿಗಳ ಬೈಗುಳ ನಾನು ತಿಂದೆ. ಪರದೆ ಒಡೆದಿದ್ದ ಒಂದು ಹಳೆಯ ಲ್ಯಾಪ್‌ಟಾಪಿಗೆ ರಿಪೇರಿಗೆ ಬಂದು ಯಾರೂ ಒಯ್ಯದ ಟಿವಿ ಜೋಡಿಸಿದ. ಫೋನಿನಲ್ಲಿ ವಿಡಿಯೋ ನೋಡುತ್ತಾ, ನಿಲ್ಲಿಸುತ್ತಾ, ಎರಡೇ ಬೆರಳಲ್ಲಿ ಪ್ರೋಗ್ರಾಂ ಟೈಪ್ ಮಾಡಿದ. ಅಷ್ಟೆಲ್ಲ ಒದ್ದಾಡಿದ್ದು ಒಂದು ಪುಟವೂ ಆಗಲಿಲ್ಲ. ನಮ್ಮ ಇಂಟರ್ನೆಟ್ಟಿನ ವಿಳಾಸ ದಿನಕ್ಕೊಂದು ಬದಲಾಗುತ್ತದಂತೆ. ಬಾಗಿಲು ಬಡಿಯುವವನಿಗೆ ಮನೆಯೇ ಸಿಗದಿದ್ದರೆ ಹೇಗೆ ಎಂದು ಕೇಬಲ್ ಹುಡುಗರ ಬೆನ್ನು ಹತ್ತಿ ಖಾಯಂ ವಿಳಾಸ ಮಾಡಿಸಿಕೊಂಡ. ಕರೆಂಟು ಹೋದರೂ ನಿಲ್ಲದಿರಲೆಂದು ಲ್ಯಾಪ್‌ಟಾಪಿಗೂ ಅದರ ಟಿವಿಗೂ ಇಂಟರ್ನೆಟ್ ಡಬ್ಬಿಗೂ ಬೇರೆ ಬ್ಯಾಟರಿ ಕಟ್ಟಿದ.

ಇದು ಅಂಗಡಿಯ ಕಡೆಯದು. ಊರಿನ ಕಡೆಗೆ ಸೈರನ್ ಬೇಕಲ್ಲ? ಆಲೂರಿನಲ್ಲಿ ಮುಚ್ಚಿಹೋದ ಒಂದು ಅಕ್ಕಿ ಗಿರಣಿಯ ಸೈರನ್ ಹುಡುಕಿ ತಂದ. ಕೆಳಗದ್ದೆಯಲ್ಲಿ ಗಟ್ಟಿ ತಾರಸಿ ಇದ್ದದ್ದು ಹಾಲಿನ ಡೈರಿಗೆ ಮಾತ್ರ, ಇನ್ವರ್ಟರ್ ಇದ್ದದ್ದೂ ಅಲ್ಲೇ. ಡೈರಿಯ ಸೆಕ್ರೆಟರಿ ಸುಮಿತ್ರಮ್ಮ ಸಂತೋಷದಿಂದ ಒಪ್ಪಿಕೊಂಡರು. ತಾರಸಿಯ ಮೇಲೆ ಸೈರನ್, ಕೆಳಗೆ ಫೋನಿಗೆ ಓಗೊಡುವ ಸ್ಟಾರ್ಟರ್ ಡಬ್ಬಿ. ಅದರ ಪ್ಲಗ್ ಡೈರಿಯ ಇನ್ವರ್ಟರಿಗೆ. ಕಂಪನಿಯ ಸುದ್ದಿ ಅಂಗಡಿಯ ಸರ್ವರಿಗೆ ಬರಬೇಕು, ಸರ್ವರ್ ತನಗೆ ಕಟ್ಟಿದ ಹಳೆಯ ಫೋನಿನಿಂದ ಡೈರಿಯ ಡಬ್ಬಿಗೆ ಕರೆ ಮಾಡಬೇಕು, ಸೈರನ್ ಕೂಗಬೇಕು.

ಅವನು ಮೊದಲು ಬರೆದಿದ್ದ ಪ್ರೋಗ್ರಾಂ ಹೇಗಿತ್ತೆಂದರೆ, ಸೈರನ್ ಕೂಗಿ, ಡೈರಿಯ ಡಬ್ಬಿ 'ಕೂಗಿದೆ' ಎಂದು ತಿರುಗಿ ಹೇಳಿದ ಮೇಲೆಯೇ ಕಂಪನಿಗೆ 'ಸಿಕ್ಕಿತು' ಎಂಬ ಉತ್ತರ. ನ್ಯಾಯವಾಗಿ ಇರಬೇಕಾದದ್ದು ಹಾಗೆಯೇ. ಆದರೆ ಫೋನು ರಿಂಗಾಗಿ, ಸೈರನ್ ಎದ್ದು ಕೂಗಲು ಅಷ್ಟೋ ಇಷ್ಟೋ ಹೊತ್ತು ಹಿಡಿಯುತ್ತದೆ. ಕಂಪನಿಯ ಕಂಪ್ಯೂಟರಿಗೆ ಅಷ್ಟು ತಾಳ್ಮೆ ಇಲ್ಲ. ಐದು ಸೆಕೆಂಡಿನಲ್ಲಿ ಉತ್ತರ ಬರದಿದ್ದರೆ 'ವಿಫಲ' ಎಂದು ಗುರುತು ಹಾಕಿಕೊಳ್ಳುತ್ತದೆ. ಹಾಗೆ ಕೆಲವು ಸಲ ಆದರೆ ಆ ವಿಳಾಸಕ್ಕೆ ಕಳಿಸುವುದನ್ನೇ ನಿಲ್ಲಿಸಿಬಿಡುತ್ತದೆ. ಪ್ರದೀಪ್ ಅಂಗಡಿಗೇ ಬಂದು, ನನ್ನೆದುರೇ, ನನ್ನ ಸ್ಟೂಲಿನ ಮೇಲೇ ಕೂತು ಹೇಳಿದ: "ಎಲ್ಲ ಕಡೆ ಹೀಗೇ ಮಾಡೋದು ದಯಾನಂದ್. ಬಂದ ತಕ್ಷಣ 'ಸಿಕ್ಕಿತು' ಅಂದ್ಬಿಡಿ. ಆಮೇಲೆ ನಿಮ್ಮ ಸೈರನ್ ಕೆಲಸ ನಿಧಾನಕ್ಕೆ ಮಾಡ್ಕೊಳ್ಳಿ."

"ಸೈರನ್ ಕೂಗೋಕೆ ಮುಂಚೆನೇ ಸಿಕ್ತು ಅನ್ನದಾ?" ಎಂದು ದಯಾನಂದ ಕೇಳಿದ.

"ಸುದ್ದಿ ಸಿಕ್ಕಿದೆ ತಾನೇ? ಅಷ್ಟು ಹೇಳಿದ್ರೆ ಸಾಕು."

ದಯಾನಂದ ಕೂತು, ಪ್ರೋಗ್ರಾಂನಲ್ಲಿ ಕೆಳಗಿದ್ದ 'ಸಿಕ್ಕಿತು' ಎಂಬ ಸಾಲನ್ನು ಮೇಲಕ್ಕೆ ಹಾಕಿದ. ಅಷ್ಟೇ ಬದಲಾವಣೆ.

ಉದ್ಘಾಟನೆ ಡೈರಿಯ ಮುಂದೆ ಶಾಮಿಯಾನ ಹಾಕಿ ನಡೆಯಿತು. ಕಂಪನಿಯ ದೊಡ್ಡವರು ಬಂದರು. ಪ್ರದೀಪ್ ಫೋನಿನಲ್ಲಿ ಏನೋ ಒತ್ತಿದ, ಸೈರನ್ ಕೂಗಿತು, ಊರಿನ ನಾಯಿಗಳೆಲ್ಲ ಒಟ್ಟಿಗೆ ಊಳಿಟ್ಟವು, ಜನ ಚಪ್ಪಾಳೆ ತಟ್ಟಿದರು. ದಯಾನಂದನಿಗೆ ಶಾಲು ಹೊದಿಸಿ ಫೋಟೋ ತೆಗೆದರು. ಮೈಕಿನ ಮುಂದೆ ನಿಲ್ಲಿಸಿದರೆ ಎದುರಿಗೆ ಕೂತ ಅಕ್ಕನ ಕಡೆ ನೋಡಿ ಒಂದೇ ಮಾತು ಹೇಳಿದ. "ಇನ್ಮೇಲೆ ಸೈರನ್ ಕೂಗ್ಲಿಲ್ಲ ಅಂದ್ರೆ ಧೈರ್ಯವಾಗಿ ದಾಟ್ರಿ." ಗಂಗಾಮಣಿ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ನಾನು ಬೋಂಡ ತಿಂದು ಕಾಫಿ ಕುಡಿದು ಬಂದೆ.

ಆ ವಾರವೇ ಕುಳ್ಳಯ್ಯನಿಗೆ ನಾಳೆಯಿಂದ ಬರಬೇಡ ಎಂದರು. ಅವನು ದಯಾನಂದನ ಅಂಗಡಿಗೆ ಬಂದು ಬಾಗಿಲಲ್ಲೇ ನಿಂತ. "ಏನಪ್ಪಾ, ನನ್ ಅನ್ನ ಕಿತ್ಕಂಡು ನಿನ್ ಡಬ್ಬಿ ಬಾಯಿಗೆ ಹಾಕ್ಬುಟ್ಟಲ್ಲ" ಎಂದ. ದಯಾನಂದನಿಗೆ ಇದು ಗೊತ್ತೇ ಇರಲಿಲ್ಲ. ಕುಳ್ಳಯ್ಯನೂ ಇರಲಿ, ಸೈರನ್ನೂ ಇರಲಿ ಎಂದು ಪ್ರದೀಪನಿಗೆ ಫೋನು ಮಾಡಿ ಗೋಗರೆದ. ಎರಡೆರಡು ವ್ಯವಸ್ಥೆ ಯಾಕೆ ಎಂದು ಆ ಕಡೆಯಿಂದ ಉತ್ತರ ಬಂತು. ಕುಳ್ಳಯ್ಯ ಎಸ್ಟೇಟ್ ಕೆಲಸಕ್ಕೆ ಹೋಗತೊಡಗಿದ. ಎಣ್ಣೆ ಡಬ್ಬವನ್ನು ಗುಜರಿಗೆ ಹಾಕಿದ.

ಆ ಚಳಿಗಾಲ ಸೈರನ್ ಒಂದು ಸಲವೂ ತಪ್ಪಲಿಲ್ಲ. ಟರ್ಬೈನ್ ನಿಂತಾಗಲೆಲ್ಲ ಕೂಗಿತು, ಜನ ದಡ ಹತ್ತಿದರು, ನೀರು ಬಂದು ಹೋಯಿತು. ಬೇರೆ ಊರಿನವರೂ ಬಂದು ನೋಡಿಕೊಂಡು ಹೋದರು. ಕೆಳಗದ್ದೆಯ ಹೆಂಗಸರಿಗೆ ಮೊದಲು ಹೊಳೆಗೆ ಇಳಿಯುವಾಗ ಒಂದು ಅಭ್ಯಾಸವಿತ್ತು. ಮೇಲುಗಡೆ ತಿರುಗಿ ನೋಡುವುದು, ನೀರಿನ ಬಣ್ಣ ನೋಡುವುದು, ಕಿವಿಗೊಟ್ಟು ನಿಲ್ಲುವುದು. ಅದು ನಿಧಾನಕ್ಕೆ ಬಿಟ್ಟುಹೋಯಿತು. ಯಾಕೆ ನೋಡಬೇಕು? ನೋಡುವ ಕೆಲಸ ಸೈರನ್ನಿನದು. ಗಂಗಾಮಣಿಯಂತೂ ಎಲ್ಲರಿಗಿಂತ ಮುಂದೆ. "ನಮ್ ದಯನ್ ಸೈರನ್ನು ಕಣೇ, ಕೂಗ್ದೆ ಇದ್ರೆ ನೀರಿಲ್ಲ" ಎಂದು ಹಿಂಜರಿಯುವವರ ಕೈ ಹಿಡಿದು ದಾಟಿಸುತ್ತಿದ್ದಳು.

ಚಳಿಗಾಲದಲ್ಲಿ ನಮ್ಮಲ್ಲಿ ಗುಡುಗುವುದಿಲ್ಲ. ಇದನ್ನು ಯಾರೂ ಯೋಚಿಸಲಿಲ್ಲ. ದಯಾನಂದನೂ ಯೋಚಿಸಲಿಲ್ಲ, ಕಂಪನಿಯ ಅಷ್ಟು ಜನ ಓದಿದವರೂ ಯೋಚಿಸಲಿಲ್ಲ.

ಏಪ್ರಿಲಿನ ಒಂದು ಮಧ್ಯಾಹ್ನ ಘಟ್ಟದ ಕಡೆ ಮೋಡ ಕಟ್ಟಿತು. ಕಾಫಿಗೆ ಮಳೆ ಬೇಕಾಗಿದ್ದ ಸಮಯ, ನಾವೆಲ್ಲ ಅಂಗಡಿಯ ಮುಂದೆ ನಿಂತು ಮೇಲೆ ನೋಡುತ್ತಾ ಖುಷಿಯಾಗಿದ್ದೆವು. ಆ ವರ್ಷದ ಮೊದಲ ಗುಡುಗು. ದಯಾನಂದ ಎದ್ದು ತನ್ನ ಅಂಗಡಿಯ ಪ್ಲಗ್ಗುಗಳನ್ನೆಲ್ಲ ಕಿತ್ತ, ಲ್ಯಾಪ್‌ಟಾಪು ಮತ್ತು ಅದರ ಟಿವಿ ಬ್ಯಾಟರಿಯ ಮೇಲೆ ನಡೆಯುತ್ತಿದ್ದವು. ನಾನೂ ನನ್ನ ಫ್ಯಾನಿನದು ಕಿತ್ತೆ. ಅದೇ ಹೊತ್ತಿಗೆ ಕೆಳಗದ್ದೆಯಲ್ಲಿ ಸುಮಿತ್ರಮ್ಮ ಡೈರಿಯೊಳಗೆ ಓಡಿ, ಹಾಲಿನ ಜಿಡ್ಡು ನೋಡುವ ಮೆಷಿನ್ನಿನದು, ಕಂಪ್ಯೂಟರಿನದು, ಸೈರನ್ನಿನದು, ಇದ್ದಬದ್ದ ಪ್ಲಗ್ಗನ್ನೆಲ್ಲ ಕಿತ್ತು ನೆಲಕ್ಕೆ ಬಿಟ್ಟರು. ಹಿಂದಿನ ವರ್ಷ ಸಿಡಿಲಿಗೆ ಆ ಮೆಷಿನ್ ಸುಟ್ಟಾಗ ದಯಾನಂದ ಅವರಿಗೂ ಬೈದಿದ್ದ.

ಬೆಟ್ಟದ ಮೇಲೆಲ್ಲೋ ಸಿಡಿಲು ಕರೆಂಟಿನ ಲೈನಿಗೆ ಬಡಿಯಿತು. ಲೈನ್ ಹೋದರೆ ಟರ್ಬೈನ್ ನಿಲ್ಲುತ್ತದೆ, ಟರ್ಬೈನ್ ನಿಂತರೆ ಗೇಟು ತೆಗೆದುಕೊಳ್ಳುತ್ತದೆ. ಯಾವ ಗುಡುಗಿಗೆ ಊರವರು ಪ್ಲಗ್ ಕಿತ್ತರೋ ಅದೇ ಗುಡುಗು ನೀರನ್ನು ಬಿಟ್ಟಿತು. ಕಂಪನಿಯ ಕಂಪ್ಯೂಟರ್ ಸುದ್ದಿ ಕಳಿಸಿತು. ದಯಾನಂದನ ಸರ್ವರ್ ಬಾಗಿಲು ತೆಗೆದು 'ಸಿಕ್ಕಿತು' ಎಂದಿತು. ಆಮೇಲೆ ಡೈರಿಗೆ ಫೋನು ಮಾಡಿತು. ಡೈರಿಯ ಡಬ್ಬಿ ಸತ್ತು ಬಿದ್ದಿತ್ತು.

ಟಿವಿ ಪರದೆಯ ಮೇಲೆ, ಡೈರಿಗೆ ಕರೆ ಹೋಗಲಿಲ್ಲ ಎಂಬ ಕೆಂಪು ಸಾಲು ಮೂಡಿದ್ದನ್ನು ದಯಾನಂದ ನೋಡಿದ. ಸುಮಿತ್ರಮ್ಮನಿಗೆ ಫೋನು ಮಾಡಿದ, ಹೋಗಲಿಲ್ಲ. ಅಕ್ಕನಿಗೆ ಮಾಡಿದ, ಹೋಗಲಿಲ್ಲ. "ಅಣ್ಣ, ಸೈರನ್ ಕೂಗಿಲ್ಲ" ಎಂದವನೇ ಅಂಗಡಿಯನ್ನು ಹಾಗೇ ತೆರೆದಿಟ್ಟು ಸ್ಕೂಟರ್ ಹತ್ತಿದ. ಮಳೆ ಹನಿಯತೊಡಗಿತ್ತು. ನಾನು ಅವನ ಶಟರ್ ಎಳೆದೆ.

ಮುಂದಿನದನ್ನು ನನಗೆ ಹೇಳಿದವರು ಸುಮಿತ್ರಮ್ಮ. ಅವನು ಸ್ಕೂಟರನ್ನು ಬೀಳಿಸಿ ಡೈರಿಯೊಳಗೆ ನುಗ್ಗಿದ. ನೆಲದ ಮೇಲೆ ಬಿದ್ದಿದ್ದ ಪ್ಲಗ್ ನೋಡಿದ. ಅದನ್ನೆತ್ತಿ ಹಾಕಿದ. ಅಂಗಡಿಯ ಸರ್ವರ್ ಬಿಡದೆ ಮತ್ತೆ ಮತ್ತೆ ಕರೆ ಮಾಡುತ್ತಲೇ ಇತ್ತಲ್ಲ, ಸ್ವಲ್ಪ ಹೊತ್ತಿಗೆ ತಾರಸಿಯ ಮೇಲೆ ಸೈರನ್ ಎದ್ದು ಕೂಗಿತು. ಜನ ಮನೆಗಳಿಂದ ಹೊರಗೆ ಬಂದು ಹೊಳೆಯ ಕಡೆ ನೋಡಿದರು. ಹೊಳೆ ಆಗಲೇ ದಡದ ಮಟ್ಟಕ್ಕೆ ಕೆಂಪಗೆ ಹರಿಯುತ್ತಿತ್ತು. ಆಚೆ ದಡದಲ್ಲಿ ಗಂಗಾಮಣಿಯ ಹಸು ಒಂದೇ ನಿಂತಿತ್ತು. ಸೈರನ್ ಕೂಗುತ್ತಲೇ ಇತ್ತು.

ಮಳೆ ಬರುವುದರೊಳಗೆ ಹಸುವನ್ನು ತರಲು ಹೊರಟಿದ್ದಳಂತೆ. ಪಕ್ಕದ ಮನೆಯವಳು, ಗುಡುಗ್ತಾ ಐತೆ, ತಡಿಯಕ್ಕ ಎಂದಳಂತೆ. "ಸೈರನ್ ಕೂಗಿಲ್ವಲ್ಲ" ಎಂದು ಹೇಳಿ ಇಳಿದಳಂತೆ. ಮರುದಿನ ಬೆಳಗ್ಗೆ ಪವರ್‌ಹೌಸಿನ ಹತ್ತಿರದ ಬಂಡೆಗಳ ಸಂದಿಯಲ್ಲಿ ಸಿಕ್ಕಳು.

ಅವರ ಹೊಲದ ಮೂಲೆಯಲ್ಲಿ ಮಣ್ಣು ಮಾಡಿದರು. ಕಂಪನಿಯಿಂದ ಒಂದು ದೊಡ್ಡ ಹಾರ ಬಂತು. ಅದರ ಮೇಲೆ ಕಂಪನಿಯ ಹೆಸರಿನ ರಿಬ್ಬನ್ನೂ ಇತ್ತು. ಆ ರಿಬ್ಬನ್ ನೋಡಿ ನನಗೆ ಬಂದ ಸಿಟ್ಟು ಇವತ್ತಿಗೂ ಇಳಿದಿಲ್ಲ. ಸಿದ್ದಬಸಪ್ಪ ಅದನ್ನು ಕೈಯಿಂದಲೂ ಮುಟ್ಟಲಿಲ್ಲ. ಭಾವಮೈದುನನ ಕಡೆ ತಲೆಯೆತ್ತಿಯೂ ನೋಡಲಿಲ್ಲ.

ಆಮೇಲೆ ಡೈರಿಯಲ್ಲಿ ಒಂದು ಸಭೆ ಕರೆದರು. ವಿಚಾರಣೆ ಎಂದು ಕರೆದರೆ ತಪ್ಪಾಗುತ್ತದೆಂದು ಮಾಹಿತಿ ಸಭೆ ಎಂದರು. ಕಂಪನಿಯ ಕಡೆಯಿಂದ ಒಬ್ಬ ಮೇಡಂ ಬಂದಿದ್ದರು, ಬಹಳ ಮೃದುವಾದ ದನಿ. ಗೋಡೆಯ ಮೇಲೆ ಬೆಳಕಿನ ಚೌಕ ಬಿಟ್ಟು, ಯಾವ ಗಳಿಗೆಗೆ ಸುದ್ದಿ ಹೋಯಿತು, ಯಾವ ಗಳಿಗೆಗೆ ಉತ್ತರ ಬಂತು ಎಂದು ತೋರಿಸಿದರು. ಎರಡಕ್ಕೂ ನಡುವೆ ಒಂದು ಸೆಕೆಂಡು ಕೂಡ ಇರಲಿಲ್ಲ.

"ದಯಾನಂದ್ ಅವರೇ, ಈ ಸರ್ವರ್ ನಿಮ್ಮದೇ ಅಲ್ವಾ?"

"ಹೌದು."

"ಸಿಕ್ಕಿತು ಅಂತ ಉತ್ತರ ಕೊಟ್ಟಿರೋದೂ ನಿಮ್ಮ ಸರ್ವರೇ ಅಲ್ವಾ?"

"ಹೌದು."

"ಹಾಗಾದ್ರೆ ಸುದ್ದಿ ತಲುಪಿಸೋದರಲ್ಲಿ ನಮ್ಮ ಕಡೆಯಿಂದ ಲೋಪ ಆಗಿಲ್ಲ ಅಂತ ಒಪ್ಕೋತೀರಾ?"

ನಾನು ಹಿಂದಿನಿಂದ ಎದ್ದು, ಹಾಗೆ ಬರೆಯಲು ಹೇಳಿದವರು ನಿಮ್ಮ ಇಂಜಿನಿಯರೇ, ನಾನು ಕಿವಿಯಾರೆ ಕೇಳಿದ್ದೇನೆ ಎಂದು ಕೂಗಿದೆ. ಮೇಡಂ ಪ್ರದೀಪನ ಕಡೆ ನೋಡಿದರು. ಅವನು ನೆಲ ನೋಡುತ್ತಾ, "ನಾನು ಜನರಲ್ ಆಗಿ ಹೇಳಿದ್ದೆ ಅಷ್ಟೇ ಮೇಡಂ, ನಿರ್ಧಾರ ಅವರದೇ" ಎಂದ. ಸುಮಿತ್ರಮ್ಮ ಗೋಡೆಗೊರಗಿ ಅಳುತ್ತಿದ್ದರು. "ನಾನೇ ಕಿತ್ತಿದ್ದು. ಗುಡುಗಿದ್ರೆ ಕೀಳ್ಬೇಕು ಅಂತ ದಯಣ್ಣನೇ ಹೇಳಿತ್ತು, ಅದ್ಕೇ ಕಿತ್ತೆ."

ದಯಾನಂದ ಎದ್ದು ನಿಂತ. "ಸುಮಿತ್ರಕ್ಕ ಸರಿಯಾಗೇ ಮಾಡವ್ರೆ. ಅವ್ರನ್ನ ಯಾರೂ ಏನೂ ಅನ್ಬೇಡಿ" ಎಂದ. ಆಮೇಲೆ ಮೇಡಂ ಕಡೆ ತಿರುಗಿ, "ಸಿಕ್ತು ಅಂದಿದ್ದು ನನ್ ಸರ್ವರ್ರೇಯ. ಆದ್ರೆ ನನ್ ಅಕ್ಕಂಗೆ ಸಿಕ್ಲಿಲ್ಲ" ಎಂದ. ಮೇಡಂ ಬರೆದುಕೊಳ್ಳುತ್ತಿದ್ದರು. ಮೊದಲ ಮಾತನ್ನು ಬರೆದುಕೊಂಡರು, ಎರಡನೆಯದಕ್ಕೆ ಪೆನ್ನು ನಿಂತಿತು. ಕಂಪನಿ ಅಲ್ಲಿಗೆ ಕೈ ತೊಳೆದುಕೊಂಡಿತು.

ಸಭೆ ಮುಗಿಸಿ ಬಂದವನು ಲ್ಯಾಪ್‌ಟಾಪಿನ ಮುಂದೆ ಕೂತು, ಮೇಲಕ್ಕೆ ಹಾಕಿದ್ದ ಸಾಲನ್ನು ಮತ್ತೆ ಕೆಳಕ್ಕೆ ಹಾಕಿದ. ಸೈರನ್ ಕೂಗಿದ ಮೇಲೆ ಮಾತ್ರ 'ಸಿಕ್ಕಿತು'. ಕೂಗದಿದ್ದರೆ ಉತ್ತರವೇ ಇಲ್ಲ. ಡೈರಿಗೆ ಹೋಗಿ ಸೈರನ್ನಿನ ಪ್ಲಗ್ಗು ತೆಗೆದುಹಾಕಿ, ಯಾರೂ ಕೀಳಲಾಗದ ಹಾಗೆ ತಂತಿಯನ್ನೇ ಸೇರಿಸಿ ಬಿಗಿದ. ಆದದ್ದೇನು? ಕಂಪನಿಯ ಕಂಪ್ಯೂಟರ್ ಐದೈದು ಸೆಕೆಂಡು ಕಾದು, ವಿಫಲ, ವಿಫಲ ಎಂದು ಗುರುತು ಹಾಕಿಕೊಂಡು, ಒಂದು ದಿನ ಈ ವಿಳಾಸಕ್ಕೆ ಕಳಿಸುವುದನ್ನೇ ನಿಲ್ಲಿಸಿತು. ನಿಮ್ಮ ವಿಳಾಸ ಸರಿಯಾಗಿ ಸ್ಪಂದಿಸುತ್ತಿಲ್ಲ ಎಂದು ಒಂದು ಮೇಲ್ ಬಂತು. ಅದನ್ನು ಬರೆದದ್ದೂ ಕಂಪ್ಯೂಟರೇ. ಪ್ರದೀಪನಿಗೆ ಫೋನು ಮಾಡಿದರೆ, "ಮೊದಲಿನ ಹಾಗೆ ಮಾಡ್ಬಿಡಿ ದಯಾನಂದ್, ಮತ್ತೆ ಚಾಲು ಮಾಡಿಸ್ತೀನಿ" ಎಂದ.

"ಮೊದ್ಲಿನ್ ಹಂಗೆ ಅಂದ್ರೆ?" ಎಂದು ಇವನು ಕೇಳಿದ.

ಮರುದಿನ ಡೈರಿಯ ತಾರಸಿ ಹತ್ತಿ ಸೈರನ್ ಇಳಿಸಿದ. ಊರಿನ ಕೆಲವರು, ಇದ್ದರೆ ಇರಲಿ ಬಿಡು, ಯಾವತ್ತಾದರೂ ಕೂಗುತ್ತದೆ ಎಂದರು. "ಕೂಗ್ದೆ ಇರೋ ಸೈರನ್ ಮ್ಯಾಲಿದ್ರೆ ಇನ್ನೊಬ್ರು ನಂಬ್ಕಂಡು ಇಳೀತಾರೆ" ಎಂದು ಹೇಳಿ ಸ್ಕೂಟರಿಗೆ ಕಟ್ಟಿಕೊಂಡು ಬಂದ. ಅದೀಗ ಅವನ ಅಂಗಡಿಯ ಮೂಲೆಯಲ್ಲಿ ಧೂಳು ಹಿಡಿದಿದೆ. ಕುಳ್ಳಯ್ಯನನ್ನು ಮತ್ತೆ ಇಟ್ಟುಕೊಳ್ಳಿ ಎಂದು ಊರವರು ಕಂಪನಿಗೆ ಅರ್ಜಿ ಕೊಟ್ಟರು. ಪರಿಶೀಲಿಸುತ್ತೇವೆ ಎಂದರು, ಇನ್ನೂ ಪರಿಶೀಲಿಸುತ್ತಿದ್ದಾರೆ. ಕುಳ್ಳಯ್ಯ ಮಾತ್ರ, ಕಾಲಿಗೆ ಬಿದ್ದು ಕರೆದರೂ ಹೋಗುವುದಿಲ್ಲ ಎನ್ನುತ್ತಾನೆ.

ಕಂಪನಿ ಏನೂ ಮಾಡಲಿಲ್ಲ ಎಂದು ಹೇಳುವ ಹಾಗಿಲ್ಲ. ಹೊಳೆ ದಾಟುವ ಜಾಗದಲ್ಲಿ ಒಂದು ಬೋರ್ಡು ನೆಟ್ಟಿತು. ಒಳ್ಳೆಯ ಬೋರ್ಡು, ತುಕ್ಕು ಹಿಡಿಯದ ತಗಡು, ಹಳದಿಯ ಮೇಲೆ ಕಪ್ಪು ಅಕ್ಷರ. 'ನೀರು ಬಿಡುವ ಮುನ್ನ ಎಚ್ಚರಿಸಲು ಸೈರನ್ ವ್ಯವಸ್ಥೆ ಇರುತ್ತದೆ. ನಿರ್ವಹಣೆ: ಶ್ರೀ ದಯಾನಂದ, ಯಸಳೂರು.' ಅದರ ಕೆಳಗೆ ಅವನ ಫೋನ್ ನಂಬರು. ಸೈರನ್ ಇಳಿಸಿದ ಮೇಲೆ ನೆಟ್ಟ ಬೋರ್ಡು ಇದು. ಕಿತ್ತುಹಾಕೋಣ ಬಾ ಎಂದು ನಾನು ಹಾರೆ ಹಿಡಿದು ಹೊರಟೆ. ಬೇಡ ಎಂದ. ನಂಬರಾದರೂ ಇರಲಿ ಎಂದ.

ಈಗ ಅವನ ಅಂಗಡಿಗೆ ಬಂದು ಕೂತರೆ ದಿನಕ್ಕೆ ನಾಲ್ಕಾರು ಸಲವಾದರೂ ಫೋನು ಬರುತ್ತದೆ. ಹೊಳೆಯ ದಡದಲ್ಲಿ ನಿಂತವರು ಕೇಳುತ್ತಾರೆ, "ದಯಣ್ಣ, ಈಗ ದಾಟ್ಬೋದಾ?" ಅವನಿಗೆ ಹೇಗೆ ಗೊತ್ತಾಗಬೇಕು? ಕಂಪನಿಯಿಂದ ಅವನಿಗೆ ಒಂದು ಸುದ್ದಿಯೂ ಬರುವುದಿಲ್ಲ. ಆದರೂ ಒಂದು ಕರೆಯನ್ನೂ ಬಿಡುವುದಿಲ್ಲ. ಬೆಸುಗೆ ಹಾಕುತ್ತಿದ್ದರೆ ಸ್ಪೀಕರಿಗೆ ಹಾಕಿ ಮಾತಾಡುತ್ತಾನೆ.

ಕಳೆದ ಸಂತೆಯ ದಿನ ನಾನು ಅಲ್ಲೇ ಕೂತಿದ್ದಾಗ ಫೋನು ಬಂತು. ಸಿದ್ದಬಸಪ್ಪ. ಗಂಗಾಮಣಿ ಹೋದ ಮೇಲೆ ಅವನು ದಯಾನಂದನ ಜೊತೆ ಮಾತಾಡಿದ್ದೇ ಇಲ್ಲ. ಹಸುವನ್ನು ಈಗ ಅವನೇ ಮೇಯಿಸಬೇಕು.

"ನೀರು ಬತ್ತೈತಾ?" ಎಂದ. ಹೆಸರಿಲ್ಲ, ಕ್ಷೇಮ ಸಮಾಚಾರವಿಲ್ಲ.

ದಯಾನಂದ ಬೆಸುಗೆಯ ಕಡ್ಡಿಯನ್ನು ಕೆಳಗಿಟ್ಟ. "ಬರಲ್ಲ ಅಂತ ನಾನು ಹೇಳಲ್ಲ ಭಾವ. ಮ್ಯಾಗ್ಲ ಕಡೆ ನೋಡು. ನೀರಿನ ಬಣ್ಣ ನೋಡು. ಫೋನ್ ಕಟ್ ಮಾಡ್ಬೇಡ, ಕೈಯಲ್ಲೇ ಇರ್ಲಿ. ದಾಟಿದ್ ಮ್ಯಾಲೆ ಹೇಳು."

ಆ ಕಡೆಯಿಂದ ಹಸುವಿನ ಕೊರಳ ಗಂಟೆ, ಕಲ್ಲಿನ ಮೇಲೆ ಕೋಲು ಊರುವ ಸದ್ದು, ನೀರಿನಲ್ಲಿ ಕಾಲಿಡುವ ಸದ್ದು ಕೇಳಿಸುತ್ತಿತ್ತು. ಯುಪಿಎಸ್ ತಂದಿದ್ದ ಗಿರಾಕಿಯೊಬ್ಬ ಬಾಗಿಲಲ್ಲಿ ಏನೋ ಕೇಳಿದ, ನಾನು ಕೈಸನ್ನೆ ಮಾಡಿ ಸುಮ್ಮನಿರಿಸಿದೆ. ದಯಾನಂದ ಎರಡೂ ಕೈಯಲ್ಲಿ ಫೋನು ಹಿಡಿದು ಅದರ ಮೇಲೆ ಬಗ್ಗಿ ಕೂತಿದ್ದ.

"ದಾಟ್ದೆ" ಎಂದ ಸಿದ್ದಬಸಪ್ಪ. ಏದುಸಿರು ಕೇಳಿಸುತ್ತಿತ್ತು. ಆಮೇಲೆ "ಅವತ್ತೂ ಹಿಂಗೇ ಫೋನ್ ಹಿಡ್ಕಂಡು ಕೂತಿದ್ರೆ ಆಗ್ತಿತ್ತಲ್ಲೋ ದಯ" ಎಂದು ಹೇಳಿ ಫೋನ್ ಇಟ್ಟ.